ಚಾ ಸೋಸೋವಾಗ ಚೀನಾದ ಪಾಠ

ಅಕ್ಕತಂಗೇರ, ಮೊನ್ನೆ ಸಂಜಿಮುಂದ ಚಾ ಸೋಸಾಕತ್ತಿದ್ದೆ. ಹತ್ತನೇತ್ತ ಓದೋ ಮಗಳು ಕ್ವಿಜ್‌ಗಂತ "1839 ಅಫೀಮು ಯುದ್ಧ, 1842 ನಾನ್‌ಜಿಂಗ್ ಒಪ್ಪಂದ" ಅಂತ ಬಾಯಿಪಾಠ ಮಾಡಾಕತ್ತಿದ್ಲು. "ಯಾಕ ಯುದ್ಧ ಆತವ್ವ?" ಅಂದೆ. "ಚೀನಾದೋರಿಗೆ ಅಫೀಮಿನ ಚಟ ಇತ್ತಂತ, ಸೋತ್ರಂತ" ಅಂದ್ಲು. ನನಗ ಹೊಟ್ಟ್ಯಾಗ ಕಲಸಿದಂಗಾತು.

ನಮ್ಮಪ್ಪ ಸಾರಾಯಿಗಂತ ಅವ್ವನ ತಾಳಿಗುಂಡು ಮಾರಿದಾಗ್ಲೂ ಓಣಿ ಮಂದಿ "ಅವಂದು ಚಟ" ಅಂತಿದ್ರು. ಮಾರಿ ರೊಕ್ಕ ಮಾಡಿಕೊಂಡೋರನ್ನ ಯಾರೂ ಕೇಳಲಿಲ್ಲ. 2007ರಾಗ ಸರ್ಕಾರ ಸಾರಾಯಿ ಬಂದ್ ಮಾಡೋ ಹೊತ್ತಿಗೆ ಅಪ್ಪ ಇರಲಿಲ್ಲ.

ಮಗಳನ್ನ ಕುಂದ್ರಿಸಿಕೊಂಡು ಹೇಳಿದೆ: ಇಂಗ್ಲಿಷರಿಗೆ ಚೀನಾದ ಚಾ ಬೇಕಿತ್ತು, ಚೀನಾದೋರು ಬೆಳ್ಳಿ ಕೇಳ್ತಿದ್ರು. ಬೆಳ್ಳಿ ಉಳಿಸಾಕ ಕಂಪನಿ ಬಿಹಾರದ ರೈತರಿಗೆ ಮುಂಗಡ ಕೊಟ್ಟು ಅಫೀಮು ಬೆಳೆಸಿತು, ಕಲ್ಕತ್ತಾದಾಗ ಹರಾಜು ಹಾಕಿತು. ವ್ಯಾಪಾರಿಗಳು ಅದನ್ನ ಕಳ್ಳತನದಿಂದ ಚೀನಾಕ್ಕ ಸಾಗಿಸಿದ್ರು. 1839ರಾಗ ಲಿನ್ ಝೆಷು ಅನ್ನೋ ಅಧಿಕಾರಿ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನ ಸುಣ್ಣ, ಉಪ್ಪು ಹಾಕಿ ಕರಗಿಸಿ ಸಮುದ್ರಕ್ಕ ಬಿಟ್ಟ. ಅದಕ್ಕ ಇಂಗ್ಲಿಷರು ಯುದ್ಧದ ಹಡಗು ಕಳಿಸಿದ್ರು. ಗೆದ್ದು ಹಾಂಗ್‌ಕಾಂಗ್ ತಗೊಂಡ್ರು, ಐದು ಬಂದರು ತೆಗೆಸಿದ್ರು, ದಂಡ ಬ್ಯಾರೆ.

ಇನ್ನೊಂದು ಕೇಳ್ರಿ. ಆಗ ನಮ್ಮ ಗುಡೇಕೋಟೆ ಮದ್ರಾಸ್ ಸರ್ಕಾರದ ಬಳ್ಳಾರಿ ಜಿಲ್ಲೆಯಾಗಿತ್ತು. ಅದೇ ಮದ್ರಾಸ್ ಸೈನ್ಯದ 37ನೇ ಪಲ್ಟನ್ 1841ರಾಗ ಕ್ಯಾಂಟನ್ ಹತ್ರ ಮಳ್ಯಾಗ ಬಂದೂಕು ಹಾರದೆ ಹಳ್ಳಿ ಮಂದಿ ನಡುವೆ ಸಿಕ್ಕೊಂಡಿತ್ತು. ಬೆಳೆದೋರೂ ನಮ್ಮೋರು, ಕಾದಾಡಿದೋರೂ ನಮ್ಮೋರು, ಲಾಭ ಮಾತ್ರ ಬ್ಯಾರೇರಿಗೆ.

ಸಿಲಬಸ್ ಮುಗಿಸೋದ್ರಾಗ ಮೇಷ್ಟ್ರಿಗೆ ಪುರುಸೊತ್ತಿಲ್ಲ, ಒಪ್ತೀನಿ. ಆದ್ರ ಒನಕೆ ಓಬವ್ವನ ಕಥಿ ನಮ್ಮ ಮಕ್ಕಳಿಗೆ ಇಸವಿಯಿಂದ ನೆನಪೈತೇನು? ಕಿಂಡಿ, ನೀರಿನ ಕೊಡ, ಒನಕೆಯಿಂದ ನೆನಪೈತಿ. ಚೀನಾದ ಕಥೀನೂ ಹಂಗ ಹೇಳ್ರಿ: ಯಾರು ಬೆಳೆದ್ರು, ಯಾರು ಮಾರಿದ್ರು, ಯಾರ ಮನಿ ಹಾಳಾತು? ಚೀನಾದೋರು ಆ ಕಾಲವನ್ನ "ಅವಮಾನದ ಶತಮಾನ" ಅಂತ ತಮ್ಮ ಮಕ್ಕಳಿಗೆ ಕಲಿಸ್ತಾರ. ಅದು ಗೊತ್ತಿಲ್ದ ನಮ್ಮ ಮಕ್ಕಳು ಟೀವಿ ನೋಡಿ ಬರೀ ಬೈಯೋದು ಕಲಿತಾವ.

ಎಲ್ಲಾ ಕೇಳಿ ಮಗಳು, "ಹಂಗಾದ್ರ ತಾತಂದೊಂದೇ ತಪ್ಪಲ್ಲ ಅಲ್ಲೇನವ್ವ?" ಅಂದ್ಲು. ಚಾ ಆರಿಹೋಗಿತ್ತು. ಮತ್ತ ಕಾಸಿದೆ.