ಗಂಧರ್ವರ ಸಾಲ, ಗೋಹರಬಾಯಿಯ ತಲೆಗೆ

ಮರಾಠಿ ಗಾಯಕನಟ ಬಾಲಗಂಧರ್ವರ ಹೆಗಲಿಗೆ ನಾಟಕ ಕಂಪನಿಯ ಸಾಲ ಏರಿದ್ದು 1921ರಲ್ಲಿ. ಬೀಳಗಿಯ ಗೋಹರಬಾಯಿ ಆ ಕಂಪನಿಗೆ ಕಾಲಿಟ್ಟದ್ದು ಮೂವತ್ತರ ದಶಕದ ಕೊನೆಗೆ. ನಡುವೆ ಹದಿನೈದು ವರ್ಷಕ್ಕೂ ಮಿಕ್ಕಿ ಕಾಲ ಸರಿದಿದೆ. ಹೀಗಿದ್ದೂ ಅವಳು ಬಂದಳು, ಅವರು ಮುಳುಗಿದರು ಎಂಬ ಮಾತು ಮರಾಠಿ ರಂಗಭೂಮಿಯ ಪಡಸಾಲೆಯಲ್ಲಿ ತಲೆಮಾರುಗಟ್ಟಲೆ ಓಡಾಡಿತು. ಅಲ್ಲಿಂದ ಕೃಷ್ಣೆ ದಾಟಿ ನಮ್ಮ ಕಡೆಗೂ ಬಂತು. ಈ ಸಂಚಿಕೆ ರಂಗಸಂಗೀತಕ್ಕೆ ಮೀಸಲಾಗಿದೆ. ಹಾಡಿನ ಮಾತಿಗೆ ಮುಂಚೆ ಈ ಲೆಕ್ಕವೊಂದನ್ನು ಬಿಡಿಸಿ ನೋಡೋಣ ಎನಿಸಿತು.

ನಾರಾಯಣ ಶ್ರೀಪಾದ ರಾಜಹಂಸರು ಹುಟ್ಟಿದ್ದು 1888ರ ಜೂನ್ 26ರಂದು. ಹತ್ತರ ಆಸುಪಾಸಿನ ಹುಡುಗ ಹಾಡಿದ್ದನ್ನು ಕೇಳಿ ಲೋಕಮಾನ್ಯ ಟಿಳಕರು ‘ಬಾಲಗಂಧರ್ವ’ ಎಂದು ಕರೆದರಂತೆ. ಆ ಹೆಸರು ಎಂಥದ್ದೆಂದರೆ, ಎಪ್ಪತ್ತು ದಾಟಿ ಕಾಲು ಸ್ವಾಧೀನ ತಪ್ಪಿದ ಮೇಲೂ ಜನ ಅವರನ್ನು ಬಾಲರೆಂದೇ ಕರೆದರು. ಹುಡುಗನಿಗೆ ಕಿವಿಯ ತೊಂದರೆ ಇತ್ತು. ಕೊಲ್ಹಾಪುರದ ಶಾಹು ಮಹಾರಾಜರು ಮಿರಜಿನಲ್ಲಿ ಕಿವಿಗೆ ಚಿಕಿತ್ಸೆ ಕೊಡಿಸಿ, ಕಿರ್ಲೋಸ್ಕರ್ ನಾಟಕ ಮಂಡಳಿಯ ದಾರಿ ತೋರಿಸಿದರು. 1905ರಲ್ಲಿ ಶಕುಂತಲೆಯಾಗಿ ರಂಗಕ್ಕೆ ಬಂದದ್ದೇ ಬಂದದ್ದು, ಮುಂದಿನ ಐವತ್ತು ವರ್ಷ ಬಣ್ಣ ಅವರನ್ನು ಬಿಡಲಿಲ್ಲ.

ಮರಾಠಿ ಸಂಗೀತ ನಾಟಕದ ಕಥೆಯನ್ನು ನಾವು ಪರರ ಮನೆಯ ಕಥೆಯಂತೆ ಕೇಳಬೇಕಾಗಿಲ್ಲ. ಕಿರ್ಲೋಸ್ಕರ್ ಮಂಡಳಿ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬಾಲಗಂಧರ್ವರ ಸರಿಸಮ ನಿಂತ ಏಕೈಕ ಗಾಯಕನಟ ಕೇಶವರಾವ್ ಭೋಸಲೆ ತಮ್ಮ ‘ಲಲಿತಕಲಾದರ್ಶ’ ಕಂಪನಿಯನ್ನು ಹುಟ್ಟುಹಾಕಿದ್ದು 1908ರಲ್ಲಿ, ಹುಬ್ಬಳ್ಳಿಯಲ್ಲಿ. ಬಾಲಗಂಧರ್ವರ ಗುರು ಭಾಸ್ಕರಬುವಾ ಬಖಲೆ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತದ ಮಾಸ್ತರರಾಗಿದ್ದವರು. ಮರಾಠಿ ನಾಟಕ ಕಂಪನಿಗಳ ಅಬ್ಬರ ಕಂಡು ಕನ್ನಡಕ್ಕೆ ತನ್ನದೇ ನಾಟಕ ಬೇಡವೇ ಎಂದು ಗದುಗಿನಲ್ಲಿ ಶಾಂತಕವಿಗಳು ಹಟ ಹಿಡಿದದ್ದೂ ಇದೇ ಕಥೆಯ ಇನ್ನೊಂದು ಮಗ್ಗುಲು. ಹಟ ಹಿಡಿದವರ ನಾಟಕಗಳಲ್ಲೂ ಮರಾಠಿ ಮಟ್ಟುಗಳು ಸಲೀಸಾಗಿ ಬಂದು ಕೂತವು ಎಂಬುದು ಬೇರೆ ಮಾತು. ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿ ಕನ್ನಡ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದ್ದು, ಗದುಗಿನಿಂದ ಹೊರಟ ಭೀಮಸೇನ ಜೋಶಿಯವರು ಬಾಲಗಂಧರ್ವರ ಹಾಡಿಕೆಗೆ ಮಾರುಹೋದದ್ದು ಎಲ್ಲರೂ ಬಲ್ಲದ್ದೇ.

ಅವರ ಹಾಡಿಕೆಯಲ್ಲಿ ಏನಿತ್ತು? ಪ್ಲೇಟುಗಳು ಉಳಿದಿವೆ, ಕೇಳಬಹುದು. ಆದರೆ 78 ಆರ್‌ಪಿಎಂ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ಮಿನಿಟು, ಹೆಚ್ಚೆಂದರೆ ಮೂರೂವರೆ. ರಂಗದ ಮೇಲೆ ಅದೇ ಪದ ಅರ್ಧ ಗಂಟೆ ನಡೆಯುತ್ತಿತ್ತು. ಆ ಮೂರು ಮಿನಿಟಿನಲ್ಲೇ ಒಂದು ಸಂಗತಿ ಸ್ಪಷ್ಟವಾಗಿ ಸಿಗುತ್ತದೆ. ಅವರು ಮೊದಲು ಸಾಲನ್ನು ಹೆಚ್ಚುಕಡಿಮೆ ಮಾತಿನಂತೆ ಆಡುತ್ತಾರೆ. ಯಾರಿಗೆ ಹೇಳುತ್ತಿದ್ದೇನೆ ಎಂಬುದು ದನಿಯಲ್ಲೇ ಗೊತ್ತಾಗಬೇಕು. ಎರಡನೆಯ ಸಲ ಅದೇ ಸಾಲಿಗೆ ಬಂದಾಗ ಒಂದು ಶಬ್ದವನ್ನಷ್ಟೇ ಹಿಡಿದು ಸಣ್ಣ ಮುರಕಿ ಹಾಕುತ್ತಾರೆ, ತಾನನ್ನು ಅರ್ಧಕ್ಕೇ ನಿಲ್ಲಿಸಿ ಸಮಕ್ಕೆ ಬರುತ್ತಾರೆ. ತಾನಿನ ಭರದಲ್ಲಿ ಅಕ್ಷರ ಒಡೆಯುವುದಿಲ್ಲ. ರಾಗ ಬೆಳೆಸುವ ಆಸೆ ಎಷ್ಟೇ ಇದ್ದರೂ ಹಾಡುತ್ತಿರುವವಳು ರುಕ್ಮಿಣಿ ಎಂಬುದನ್ನು ಮರೆಯುವುದಿಲ್ಲ. 1916ರ ‘ಸ್ವಯಂವರ’ಕ್ಕೆ ಭಾಸ್ಕರಬುವಾ ಖಯಾಲಿನ ಬಂದಿಶುಗಳನ್ನೇ ನಾಟಕದ ಪದಗಳಿಗೆ ಅಚ್ಚಾಗಿ ಕೊಟ್ಟಿದ್ದರು. ಯಮನ್, ಭೀಮಪಲಾಸಿ, ಬಿಹಾಗಗಳು ಹೀಗೆ ನಾಟಕದ ನೆಪದಲ್ಲಿ ಬೈಠಕ್ಕಿನ ಮೆಟ್ಟಿಲು ಹತ್ತದ ಜನರ ಬಾಯಿಗೂ ಬಂದವು. ಪಕ್ಕವಾದ್ಯಕ್ಕೆ ಆರ್ಗನ್ನು, ಸಾರಂಗಿಗೆ ಕಾದರಬಕ್ಷ, ತಬಲಾಕ್ಕೆ ಅಹಮದ್‌ಜಾನ್ ತಿರಖವಾ. ನಾಟಕದ ಕಂಪನಿಯೊಂದು ತಿರಖವಾ ಸಾಹೇಬರನ್ನು ಸಂಬಳಕ್ಕಿಟ್ಟುಕೊಂಡಿತ್ತು ಎಂಬ ಒಂದೇ ಮಾತು ಸಾಕು, ಆ ಕಂಪನಿಯ ಮಟ್ಟ ಹೇಳಲಿಕ್ಕೆ. ಅದರ ಖರ್ಚನ್ನು ಹೇಳಲಿಕ್ಕೂ.

‘ಒನ್ಸ್ ಮೋರ್’ ಕೂಗಿನ ಕಾಲ ಅದು. ಪದ ಮುಗಿಯುತ್ತಲೇ ಪಿಟ್ಟಿನಿಂದ ಕೂಗು, ಬಾಲ್ಕನಿಯಿಂದ ಮರುಕೂಗು; ಕಥೆ ಇದ್ದಲ್ಲೇ ನಿಲ್ಲುತ್ತಿತ್ತು, ಪದ ಮತ್ತೆ ಮೊದಲಿನಿಂದ. ರಾತ್ರಿ ಶುರುವಾದ ಆಟ ಕೋಳಿ ಕೂಗುವವರೆಗೂ ಎಳೆಯುತ್ತಿದ್ದದ್ದು ಇದರಿಂದಲೇ. ಎರಡನೆಯ ಸಲ ಅದೇ ಪದವನ್ನು ಬೇರೆ ದಾರಿಯಿಂದ ಹಾಡಬಲ್ಲವನೇ ಗಾಯಕನಟ. ಹಾಗೆ ಹಾಡಲಾರದವರು ಒನ್ಸ್ ಮೋರಿಗೆ ಹೆದರುತ್ತಿದ್ದರು.

ಹೆಣ್ಣುವೇಷದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಅವರು ಉಟ್ಟಂತೆ ಮನೆತನದ ಹೆಂಗಸರು ಸೀರೆ ಉಟ್ಟದ್ದು, ಅವರು ಮುಡಿದಂತೆ ಹೂವು ಮುಡಿದದ್ದು, ಇವೆಲ್ಲ ಈಗ ಸವೆದ ಮಾತು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು 1911ರ ಮಾರ್ಚ್ 12. ಮುಂಬಯಿಯಲ್ಲಿ ಖಾಡಿಲಕರರ ‘ಮಾನಾಪಮಾನ’ದ ಮೊದಲ ಪ್ರಯೋಗ. ಅದೇ ದಿನ ಅವರ ಎಳೆಯ ಮಗಳು ತೀರಿಕೊಂಡಿತು. ಅವರು ಭಾಮಿನಿಯ ವೇಷ ಕಟ್ಟಿ ಹಾಡಿದರು. ಈ ಪ್ರಸಂಗವನ್ನು ಹೇಳುವವರೆಲ್ಲ ಕಲಾನಿಷ್ಠೆ ಎಂದು ಕೈಮುಗಿದು ಮುಂದೆ ಹೋಗುತ್ತಾರೆ. ನಿಷ್ಠೆ ಇರಲಿಲ್ಲ ಎಂದು ಯಾರೂ ಹೇಳಲಾರರು. ಆದರೆ ಟಿಕೀಟು ಹೋಗಿತ್ತು, ಹೊಸ ನಾಟಕದ ಮೇಲೆ ಕಂಪನಿ ದುಡ್ಡು ಸುರಿದಿತ್ತು, ಭಾಮಿನಿಗೆ ಬದಲಿ ಇರಲಿಲ್ಲ. ಒಬ್ಬನ ಗಂಟಲಿನ ಮೇಲೆ ನಿಂತ ಕಂಪನಿ ಆ ಒಬ್ಬನಿಗೆ ಅಳಲಿಕ್ಕೂ ರಜೆ ಕೊಡುವುದಿಲ್ಲ. ಮುಂದೆ ಬಂದ ಸಾಲದ ಬೀಜವೂ ಇಲ್ಲೇ ಇದೆ ಎಂಬುದು ನನ್ನ ತಿಳಿವಳಿಕೆ.

1913ರಲ್ಲಿ ಗಣೇಶ ಬೋಡಸ್ ಮತ್ತು ಗೋವಿಂದರಾವ್ ಟೆಂಬೆಯವರ ಜೊತೆ ಸೇರಿ ಅವರು ‘ಗಂಧರ್ವ ನಾಟಕ ಮಂಡಳಿ’ ಕಟ್ಟಿದರು. ಪಾಲುದಾರರು ಮುಂದೆ ಒಬ್ಬೊಬ್ಬರಾಗಿ ಹೊರಬಿದ್ದರು. 1919ರಲ್ಲಿ ಗಡಕರಿಯವರ ‘ಏಕಚ್ ಪ್ಯಾಲಾ’ ರಂಗಕ್ಕೆ ಬಂತು. ಕುಡುಕನ ಹೆಂಡತಿ ಸಿಂಧು ಬೀಸುವ ಕಲ್ಲಿನ ಮುಂದೆ ಕೂತು ಹಾಡುವಾಗ ಥೇಟರು ತುಂಬ ಬಿಕ್ಕುವ ಸದ್ದು. ಮರುವರ್ಷ ‘ದ್ರೌಪದಿ’. ಅದಕ್ಕೆ ಹಾಕಿಸಿದ ಅರಮನೆಯ ಸೀನು ಸೀನರಿಗಳ ವೈಭವ ಕಂಪನಿಯ ತಿಜೋರಿಗೆ ಭಾರವಾಯಿತು. ಬಾಲಗಂಧರ್ವರದು ಖೊಟ್ಟಿ ಸಾಮಾನು ಒಪ್ಪದ ಸ್ವಭಾವ. ರೇಷ್ಮೆ ಎಂದರೆ ನಿಜವಾದ ರೇಷ್ಮೆಯೇ ಆಗಬೇಕು, ಜರಿ ಎಂದರೆ ನಿಜವಾದ ಜರಿ. ಥೇಟರಿನಲ್ಲಿ ಸಿಂಪಡಿಸುವ ಅತ್ತರೂ ಉಂಚಿಯದೇ. ಲೆಕ್ಕದ ಪುಸ್ತಕ ತಾವು ನೋಡಲಿಲ್ಲ, ನೋಡುವವರನ್ನು ನಂಬಿದರು. 1921ರಲ್ಲಿ ಕಂಪನಿಯ ಪೂರ್ತಿ ಒಡೆತನ ಅವರದಾದಾಗ ಅದರ ಬೆನ್ನಿಗೇ ಸಾಲವೂ ಬಂತು.

ಅದೇ 1921ರ ಜುಲೈ 8ರಂದು ಮುಂಬಯಿಯಲ್ಲಿ ಟಿಳಕ ಸ್ವರಾಜ್ಯ ನಿಧಿಗಾಗಿ ‘ಮಾನಾಪಮಾನ’ದ ಸಂಯುಕ್ತ ಪ್ರಯೋಗ ನಡೆಯಿತು. ಎರಡು ಕಂಪನಿಗಳು ಒಂದೇ ರಂಗದ ಮೇಲೆ: ಕೇಶವರಾವ್ ಭೋಸಲೆ ಧೈರ್ಯಧರ, ಬಾಲಗಂಧರ್ವ ಭಾಮಿನಿ. ಪೈಪೋಟಿಯ ಇಬ್ಬರು ಎದುರಾಬದರು ನಿಂತು ಹಾಡಿದ ಆ ಆಟ ಮರಾಠಿ ರಂಗಭೂಮಿಯ ಐತಿಹ್ಯವೇ ಆಗಿಹೋಗಿದೆ. ಮೂರು ತಿಂಗಳೊಳಗೆ ಕೇಶವರಾವ್ ತೀರಿಕೊಂಡರು, ಮೂವತ್ತೊಂದರ ವಯಸ್ಸಿಗೆ. ಮರುವರ್ಷ ಭಾಸ್ಕರಬುವಾ. ಹೊರಗೆ ಕೀರ್ತಿ ತುದಿ ಮುಟ್ಟಿದ ಹೊತ್ತಿಗೇ ಒಳಗೆ ಪಾಲುದಾರರಿಲ್ಲ, ಗುರು ಇಲ್ಲ, ತಲೆಯ ಮೇಲೆ ಸಾಲ. ಹಾಡಿ ಹಾಡಿಯೇ ಆ ಸಾಲ ತೀರಿಸಿದರು. ಮತ್ತೆ ಸಾಲ ಮಾಡಿದರು. ಇದರಲ್ಲಿ ಗೋಹರಬಾಯಿ ಎಲ್ಲಿದ್ದರು? ಬೀಳಗಿಯಲ್ಲಿ, ಇನ್ನೂ ಹುಡುಗಿ.

ಆಮೇಲೆ ಟಾಕಿ ಬಂತು. 1931ರಲ್ಲಿ ‘ಆಲಂ ಆರಾ’, ಮರುವರ್ಷ ಪ್ರಭಾತ್ ಸಂಸ್ಥೆಯ ‘ಅಯೋಧ್ಯೇಚಾ ರಾಜಾ’. ನಾಲ್ಕಾಣೆಗೆ ಹಾಡು, ಕುಣಿತ, ನಿಜವಾದ ಹೆಂಗಸರು. ಅಷ್ಟರಲ್ಲಿ ಹೀರಾಬಾಯಿ ಬಡೋದೇಕರ್ ತಮ್ಮ ಒಡಹುಟ್ಟಿದವರನ್ನು ಕಟ್ಟಿಕೊಂಡು ರಂಗಕ್ಕಿಳಿದಿದ್ದರು. ನಮ್ಮಲ್ಲಿ ಗುಬ್ಬಿ ಕಂಪನಿಯ ಹೆಣ್ಣುಪಾತ್ರಗಳಿಗೂ ನಟಿಯರು ಬಂದಿದ್ದರು. ಬಾಲಗಂಧರ್ವರ ಕಂಪನಿ ನಿಂತಿತು. 1935ರಲ್ಲಿ ಅವರು ಶಾಂತಾರಾಮರ ‘ಧರ್ಮಾತ್ಮಾ’ದಲ್ಲಿ ಸಂತ ಏಕನಾಥರಾದರು, ಗಂಡು ಪಾತ್ರದಲ್ಲಿ. ಪ್ರಭಾತಿನೊಂದಿಗಿನ ನಂಟು ಆ ಒಂದು ಚಿತ್ರಕ್ಕೇ ಮುಗಿಯಿತು. ಕ್ಯಾಮೆರಾದ ಮುಂದೆ ಒನ್ಸ್ ಮೋರ್ ಎನ್ನುವವರಿಲ್ಲ. ಗುರುತು ಹಾಕಿದ ಜಾಗದಲ್ಲಿ ನಿಂತು, ಗಡಿಯಾರ ನೋಡಿಕೊಂಡು ಹಾಡಬೇಕು. ಮೂವತ್ತು ವರ್ಷ ಜನರ ಉಸಿರನ್ನು ಅಂದಾಜು ಮಾಡಿ ಹಾಡಿದವರಿಗೆ ಅದು ಒಗ್ಗಲಿಲ್ಲ, ಒಗ್ಗಬೇಕಾಗಿಯೂ ಇರಲಿಲ್ಲ. ಅವರ ವೃತ್ತಿಗೆ ಹೊಡೆತ ಕೊಟ್ಟದ್ದು ಈ ಟಾಕಿ. ಇಷ್ಟೆಲ್ಲ ಆಗುವಾಗಲೂ ಗೋಹರಬಾಯಿ ಕಂಪನಿಗೆ ಬಂದಿರಲಿಲ್ಲ.

ಇನ್ನು ಅವರ ವಿಷಯ. ಗೋಹರ್ ಎಂದೊಡನೆ ಕೆಲವರಿಗೆ ಕಲಕತ್ತೆಯ ಗೌಹರ್ ಜಾನ್ ನೆನಪಾಗುತ್ತಾರೆ, ಕೆಲವರಿಗೆ ರಣಜಿತ್ ಸ್ಟುಡಿಯೋದ ಮಿಸ್ ಗೋಹರ್. ಇವರು ಮೂರನೆಯವರು: ಬಾಗಲಕೋಟೆ ಕಡೆಯ ಬೀಳಗಿಯ, ಹಾಡು ಮತ್ತು ನಾಟಕವನ್ನೇ ನೆಚ್ಚಿದ ಮುಸ್ಲಿಂ ಮನೆತನದ ಮಗಳು, ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೆಲ್ಲ ಬಲ್ಲ ಅಮೀರಬಾಯಿ ಕರ್ನಾಟಕಿಯ ಸೋದರಿ. ನಮ್ಮ ಸೀಮೆಯ ನಾಟಕಗಳಲ್ಲೇ ಬೆಳೆದು ಮುಂಬಯಿ ಸೇರಿದವರು. ಬಾಲಗಂಧರ್ವರ ಹಾಡಿಕೆಯನ್ನು ಅವರು ಎಷ್ಟು ಒಳಗೆ ತೆಗೆದುಕೊಂಡಿದ್ದರೆಂದರೆ, ಬರೀ ಪ್ಲೇಟು ಕೇಳಿದವರು ಯಾರ ದನಿ ಯಾರದು ಎಂದು ತಡಕಾಡುತ್ತಿದ್ದರು. ಅನುಕರಣೆ ಎಂದು ಇದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ಗಂಡಸೊಬ್ಬ ಹೆಣ್ಣಿನ ಹಾಡನ್ನು ಕಟ್ಟಿದ. ಅದನ್ನು ಹೆಣ್ಣೊಬ್ಬಳು ತನ್ನ ಕೊರಳಿಗೆ ಮರಳಿ ತಂದುಕೊಂಡಳು. ಅವರೊಬ್ಬರೇ ಅಲ್ಲ, ಆ ಕಾಲದ ಎಷ್ಟೋ ನಟಿಯರು ರಂಗದ ಮೇಲೆ ಹೆಣ್ಣಾಗುವುದನ್ನು ಕಲಿತದ್ದು ಬಾಲಗಂಧರ್ವರನ್ನು ನೋಡಿಯೇ. ಇದಕ್ಕಿಂತ ವಿಚಿತ್ರವಾದ ಗುರುಪರಂಪರೆ ನನಗೆ ಬೇರೆ ಗೊತ್ತಿಲ್ಲ.

ಮಡದಿ ಲಕ್ಷ್ಮೀಬಾಯಿ 1940ರಲ್ಲಿ ತೀರಿಕೊಂಡರು. ಗೋಹರಬಾಯಿಯೊಂದಿಗೆ ವಿವಾಹ ಆದದ್ದು 1951ರಲ್ಲಿ. ಬ್ರಾಹ್ಮಣ ನಟ, ಮುಸ್ಲಿಂ ಗಾಯಕಿ, ಅದರಲ್ಲೂ ಕರ್ನಾಟಕದವಳು. ಪುಣೆಯ ಅಭಿಮಾನಿಗಳಿಗೆ ಇಷ್ಟು ಸಾಕಾಗಿತ್ತು. ರೇಷ್ಮೆಯ ಬಿಲ್ಲು, ಸೀನರಿಯ ಬಿಲ್ಲು, ನಂಬಿದವರು ಕೈಕೊಟ್ಟ ಲೆಕ್ಕ ಎಲ್ಲವೂ ಈ ಒಬ್ಬಳ ತಲೆಗೆ ಬಿತ್ತು. ಹುಡುಕಿದರೆ ಗೋಹರಬಾಯಿಯಲ್ಲೂ ತಪ್ಪುಗಳು ಸಿಕ್ಕಾವು. ಕಂಪನಿ ನಡೆಸಲು ಹೋದವರಲ್ಲಿ ತಪ್ಪು ಮಾಡದವರು ಯಾರು? ಆದರೆ ನಿಂತುಹೋಗಿದ್ದ ಕಂಪನಿಗೆ ಮತ್ತೆ ಆಟ ಕಟ್ಟಿಕೊಟ್ಟವರಲ್ಲಿ, ದೇಹ ಸೋತ ನಟನ ಬದಿಗೆ ನಿಂತು ಹಾಡಿದವರಲ್ಲಿ, ಅವರ ಕೊನೆಗಾಲದ ಶುಶ್ರೂಷೆ ಮಾಡಿದವರಲ್ಲಿ ಅವರ ಹೆಸರೇ ಮೊದಲು ಬರಬೇಕು. ಈ ಅಕ್ಕತಂಗಿಯರ ಬದುಕನ್ನು ಹುಡುಕಿ ಕನ್ನಡಿಗರ ಮುಂದಿಟ್ಟವರು ರಹಮತ್ ತರೀಕೆರೆ. ಅವರ ಅಮೀರಬಾಯಿ ಪುಸ್ತಕವನ್ನು ಓದದವರು ದಯವಿಟ್ಟು ಓದಿ.

ಪ್ರಶಸ್ತಿಗಳೇನೋ ಬಂದವು: 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಗೌರವ, 1964ರಲ್ಲಿ ಪದ್ಮಭೂಷಣ. ಪದ್ಮಭೂಷಣ ಬಂದ ವರ್ಷವೇ ಗೋಹರಬಾಯಿ ತೀರಿಕೊಂಡರು, ಮರುವರ್ಷ ಅಮೀರಬಾಯಿ. ಬಾಲಗಂಧರ್ವರು ಹೋದದ್ದು 1967ರ ಜುಲೈ 15ರಂದು. ಮುಂದಿನ ವರ್ಷ, ಅವರ ಹುಟ್ಟುಹಬ್ಬದ ದಿನ, ಪುಣೆಯಲ್ಲಿ ಬಾಲಗಂಧರ್ವ ರಂಗಮಂದಿರದ ಬಾಗಿಲು ತೆರೆಯಿತು. ಅದಕ್ಕೆ ಅಡಿಗಲ್ಲು ಹಾಕಿದ್ದು 1962ರಲ್ಲಿ ಸ್ವತಃ ಅವರೇ. ಮಹಾರಾಷ್ಟ್ರ ತನ್ನ ನಟನ ಋಣವನ್ನು ಹೀಗೆ ತೀರಿಸಿತು. ಬೀಳಗಿಯ ಋಣ ನಮ್ಮ ಪಾಲಿನದು.

ಅದಕ್ಕೇ ಓದುಗರಲ್ಲಿ ಒಂದು ಕೋರಿಕೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡ, ಗದಗ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ, ಟ್ರಂಕುಗಳಲ್ಲಿ ಕಂಪನಿ ನಾಟಕಗಳ ಹ್ಯಾಂಡ್‌ಬಿಲ್ಲುಗಳು, ಪದಗಳ ಪುಸ್ತಿಕೆಗಳು, ಗೋಹರಬಾಯಿ-ಅಮೀರಬಾಯಿಯರ ಪ್ಲೇಟುಗಳು ಇನ್ನೂ ಇರಬಹುದು. ರದ್ದಿಗೆ ಹಾಕುವ ಮೊದಲು ನಮಗೊಂದು ಕಾಗದ ಬರೆಯಿರಿ. ಮೂಲವನ್ನು ಕಳಿಸಬೇಕಾಗಿಲ್ಲ, ಹ್ಯಾಂಡ್‌ಬಿಲ್ಲಿನ ಎರಡೂ ಮಗ್ಗುಲಿನ ಫೋಟೋ, ಪ್ಲೇಟಾದರೆ ಲೇಬಲ್ಲಿನ ಮೇಲಿನ ನಂಬರು ಮತ್ತು ಹಾಡಿನ ಹೆಸರು ಬರೆದು ಕಳಿಸಿದರೆ ಸಾಕು. ಬಂದದ್ದನ್ನೆಲ್ಲ, ಕಳಿಸಿದವರ ಒಪ್ಪಿಗೆ ಪಡೆದು, ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕುತ್ತೇವೆ.