ಸೂಪರ್‌ಮ್ಯಾನ್‌ನ ಊರೂ ಮುಳುಗಡೆ ಆಗಿತ್ತು

ಸ್ವಲ್ಪ ಸಿಟ್ಟಿನಲ್ಲೇ ಬರೀತಿದೀನಿ, ಮೊದಲೇ ಹೇಳಿಬಿಡ್ತೀನಿ. ಸಿಟ್ಟಿಗೆ ಕಾರಣ ಇಬ್ಬರು.

ಒಬ್ಬ ಬೆಂಗಳೂರಿನ ಗೆಳೆಯ, ಬ್ಯಾಟ್‌ಮ್ಯಾನ್ ಭಕ್ತ. ಬ್ಯಾಟ್‌ಮ್ಯಾನ್‌ಗೂ ಸೂಪರ್‌ಮ್ಯಾನ್‌ಗೂ ಜಗಳ ಆದ್ರೆ ಯಾರು ಗೆಲ್ತಾರೆ ಅಂತ ಎರಡು ತಾಸು ಮಾತಾಡಬಲ್ಲ. ನಡುವೆ ನಾನು ಫ್ಯಾಂಟಮ್ ಹೆಸರೆತ್ತಿದ್ದಕ್ಕೆ "ನಿಮ್ಮ ಬಿಜಾಪುರ ಕಡೆಯವರು ಇನ್ನೂ ಅಲ್ಲೇ ಇದೀರಾ?" ಅಂತ ನಕ್ಕ. ಇನ್ನೊಬ್ಬರು ನಮ್ಮ ಕಡೆಯವರೇ, ಹಿರಿಯರು. ಒಂದು ಕಾರ್ಯಕ್ರಮದಲ್ಲಿ ಮೈಕ್ ಹಿಡಿದು, "ಈ ಸೂಪರ್ ಹೀರೋ ಹುಚ್ಚೆಲ್ಲಾ ಇಂಗ್ಲಿಷ್ ಮೀಡಿಯಂ ಹುಡುಗರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಹುಡುಗರಿಗೆ ಅದೆಲ್ಲಾ ಯಾಕ ಬೇಕ್ರಿ? ಬಸವಣ್ಣನವರೇ ನಮ್ಮ ಸೂಪರ್ ಹೀರೋ" ಅಂದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನು ತಟ್ಟಲಿಲ್ಲ.

ಯಾಕಂದ್ರೆ ಅವರು ಹೇಳಿದ ಆ ನಾಲ್ಕೂ ತಾಲೂಕಿನಲ್ಲಿ ಬೆಳೆದ ಹುಡುಗ ನಾನು. ಅಪ್ಪ ಕನ್ನಡ ಸಾಲಿ ಮಾಸ್ತರು, ವರ್ಗಾವಣೆ ಆದಲ್ಲೆಲ್ಲ ನಮ್ಮ ಗಂಟುಮೂಟೆ. ಹೋದ ಕಡೆಯೆಲ್ಲ ಕಾಮಿಕ್ಸ್ ಇದ್ದವು. ಹೊಸವಲ್ಲ, ಹರಿದವು.

ಇಂಡಿಯಲ್ಲಿ ನಮ್ಮ ಓಣಿಯ ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಮುಖಪುಟ ಇಲ್ಲದ ಇಂದ್ರಜಾಲ ಕಾಮಿಕ್ಸುಗಳು ಬಿದ್ದಿರುತ್ತಿದ್ದವು. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಶುರುಮಾಡಿ 1990ರಲ್ಲಿ ನಿಲ್ಲಿಸಿದ ಸರಣಿ ಅದು. ನಿಂತು ಮೂರ್ನಾಲ್ಕು ವರ್ಷ ಆಗಿದ್ದರೂ ನಮ್ಮ ಬೆಂಚಿಗೆ ಆ ಸುದ್ದಿ ಮುಟ್ಟಿರಲಿಲ್ಲ :-) ತಲೆಕೂದಲು ಬೆಳೆಯೋದನ್ನೇ ಕಾಯುತ್ತಿದ್ದೆ ನಾನು. ಫ್ಯಾಂಟಮ್‌ಗೆ ಹಾರೋಕೆ ಬರೋದಿಲ್ಲ. ಎರಡು ಪಿಸ್ತೂಲು, ಒಂದು ಕುದುರೆ, ಒಂದು ತೋಳ, ತಲೆಬುರುಡೆಯ ಗವಿ. ಆದ್ರೂ ನನಗೆ ಅವನೇ ದೊಡ್ಡವ. ಯಾಕೆ ಅಂತ ಆಗ ಗೊತ್ತಿರಲಿಲ್ಲ, ಈಗ ಗೊತ್ತು. ಇಪ್ಪತ್ತೊಂದು ತಲೆಮಾರು, ಒಂದೇ ಗವಿ. ವರ್ಗಾವಣೆಯೇ ಇಲ್ಲ! ಎರಡು ವರ್ಷಕ್ಕೊಮ್ಮೆ ಸಾಲಿ, ಗೆಳೆಯರು, ಬಾವಿ, ಬೇವಿನಗಿಡ ಎಲ್ಲಾ ಬಿಟ್ಟು ಬರುವ ಹುಡುಗನಿಗೆ ಇದಕ್ಕಿಂತ ದೊಡ್ಡ ಶಕ್ತಿ ಯಾವುದಿದ್ದೀತು?

ಫ್ಯಾಂಟಮ್ ಮೇಲೆ ಇರುವ ತಕರಾರು ನನಗೂ ಗೊತ್ತು. ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಈ ಮನುಷ್ಯ ಬಿಳಿಯ. ಕಾಡಿನ ಜನ ಕಪ್ಪು. ಅವರು ಡೋಲು ಬಾರಿಸಿ ಕರೆಯೋದು, ಇವನು ಬಂದು ನ್ಯಾಯ ಹೇಳೋದು. ಮೂಲದಲ್ಲಿ ಆ ನಾಡಿನ ಹೆಸರು ನಮ್ಮ ಬಂಗಾಳದ ಹಾಗೇ ಕೇಳ್ತಿತ್ತು, ಇಲ್ಲಿಯವರು ಅದನ್ನ ಡೆಂಕಾಲಿ ಅಂತ ಬದಲಾಯಿಸಿದರು. ಹೆಸರು ಬದಲಾದರೆ ಕತೆ ಬದಲಾಗುತ್ತಾ? ಬಿಸಿಲಲ್ಲಿ ಕರಕಲಾದ ಇಂಡಿ ಹುಡುಗರು ನಾವು, ಚಿತ್ರದೊಳಗೆ ನಮ್ಮಂತೆ ಕಾಣುತ್ತಿದ್ದದ್ದು ಮುಖವಾಡದವನಲ್ಲ, ಡೋಲು ಬಾರಿಸುವವರು. ಆದರೆ ಆಟ ಆಡುವಾಗ ಎಲ್ಲರಿಗೂ ಫ್ಯಾಂಟಮ್ಮೇ ಆಗಬೇಕು. ಇದನ್ನ ನೆನೆಸಿಕೊಂಡರೆ ಇವತ್ತಿಗೂ ಒಂಥರಾ ಆಗುತ್ತೆ.

ಅದಕ್ಕೇ ಪಪುವಾ ನ್ಯೂಗಿನಿಯ ಗುರಾಣಿಗಳ ಬಗ್ಗೆ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಅಲ್ಲಿನ ಬೆಟ್ಟದ ಸೀಮೆಯ ವಾಘಿ ಜನ ತಮ್ಮ ಯುದ್ಧದ ಗುರಾಣಿಗಳ ಮೇಲೆ ಫ್ಯಾಂಟಮ್ ಚಿತ್ರ ಬರೆದುಕೊಂಡಿದ್ದರು. ಸಾಯದ ಮನುಷ್ಯ ಅಲ್ಲವಾ, ಬಾಣ ತಾಕಲಿಕ್ಕಿಲ್ಲ ಅಂತ. ಅವರಿಗೆ ಬಿಳಿಯ ದೊರೆ ಬೇಕಾಗಿರಲಿಲ್ಲ. ಸಾಯದಿರುವುದು ಬೇಕಾಗಿತ್ತು, ಅಷ್ಟನ್ನೇ ಕಿತ್ತುಕೊಂಡರು. ಅಭಿಮಾನಿ ಅಂದ್ರೆ ಇದು. ಬರೆದವನು ಏನು ಕೊಟ್ಟ ಅನ್ನೋದಲ್ಲ, ಓದಿದವನು ಏನು ತಗೊಂಡ ಅನ್ನೋದು.

ಸಿಂದಗಿಯಲ್ಲಿದ್ದಾಗ ಬಾಲಮಂಗಳದ ಡಿಂಗ. ಇದನ್ನ ಓದುವ ಬಹಳ ಜನಕ್ಕೆ ಅವನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇರೆ ಗ್ರಹದವರು ಹೊತ್ತೊಯ್ದು ಪ್ರಯೋಗ ಮಾಡಿದ್ದರಿಂದ ಶಕ್ತಿ ಬಂದ ಇಲಿ. ಕೇರಳದಲ್ಲಿ 1983ರಲ್ಲಿ ಡಿಂಕನ್ ಆಗಿ ಹುಟ್ಟಿದವನು ನಮಗೆ ಡಿಂಗ ಆದ. ನಮ್ಮ ಕ್ಲಾಸಿನಲ್ಲಿ ಅವನಿಗೆ ಜೀವ ಬಿಡುತ್ತಿದ್ದವರು ಕೊನೇ ಸಾಲಿನ ಸಣಕಲು ಹುಡುಗರು, ಹೊಡೆತ ತಿನ್ನುವವರು. ಕೇರಳದ ಹುಡುಗರಂತೂ ದೊಡ್ಡವರಾದ ಮೇಲೆ ಅದೇ ಇಲಿಯನ್ನ ದೇವರು ಮಾಡಿ ಅಣಕು ಮತ ಕಟ್ಟಿದರು. 2016ರಲ್ಲಿ ಡಿಂಕನ ಹೆಸರಲ್ಲಿ ಸಿನಿಮಾ ತೆಗೀತಾರೆ ಅಂದಾಗ ನಮ್ಮ ಧಾರ್ಮಿಕ ಭಾವನೆಗೆ ಧಕ್ಕೆ ಅಂತ ಕೊಚ್ಚಿಯಲ್ಲಿ ಪ್ರತಿಭಟನೆಯನ್ನೂ ಮಾಡಿದರು! ಒಂದೇ ಇಲಿ. ಸಿಂದಗಿಯಲ್ಲಿ ಬಡಪಾಯಿಯ ಬೆನ್ನಿಗೆ ನಿಂತವನು, ಅಲ್ಲಿ ಭಕ್ತಿಯನ್ನೇ ಗೇಲಿ ಮಾಡುವ ಆಯುಧ.

ಯಾರು ಹೆಚ್ಚು ಅನ್ನುವ ಜಗಳ ಬೆಂಗಳೂರಿನವರು ಕಂಡುಹಿಡಿದದ್ದೂ ಅಲ್ಲ. ಮುದ್ದೇಬಿಹಾಳ ಕಡೆ ಜಾತ್ರೆಯಲ್ಲಿ ರಾತ್ರಿಯಿಡೀ ಹರದೇಶಿ-ನಾಗೇಶಿ ಹಾಡಿಕಿ ಕೇಳಿದವರಿಗೆ ಗೊತ್ತು. ಒಂದು ಮೇಳ ಗಂಡು ಹೆಚ್ಚು ಅಂತ, ಇನ್ನೊಂದು ಹೆಣ್ಣು ಹೆಚ್ಚು ಅಂತ, ಶಿವನಿಂದ ಶಕ್ತಿಯೋ ಶಕ್ತಿಯಿಂದ ಶಿವನೋ ಅಂತ ಸವಾಲು-ಜವಾಬು. ಅಲ್ಲಿ ಯಾರ ರಟ್ಟೆ ದಪ್ಪ ಅಂತ ಯಾರೂ ಕೇಳೋದಿಲ್ಲ. ಯಾರಿಲ್ಲದೆ ಯಾರು ಇಲ್ಲ ಅಂತ ಕೇಳ್ತಾರೆ. ಆ ಹಾಡಿಕಿ ಕೇಳಿ ಬಂದ ಮರುದಿನ ನಮ್ಮಕ್ಕ ನನ್ನ ಕಾಮಿಕ್ಸ್ ಕಟ್ಟು ತಿರುವಿ ಹಾಕಿ, "ಇದರಾಗ ಹೆಣ್ಮಕ್ಕಳು ಏನ್ ಮಾಡ್ತಾರೋ ತಮ್ಮಾ? ಬರೇ ಹಾದಿ ಕಾಯೋದೇನು?" ಅಂದಳು. ಉತ್ತರ ಇರಲಿಲ್ಲ. ಫ್ಯಾಂಟಮ್ಮಿನ ಡಯಾನಾಗೆ ಮದುವೆ ಆಗಿದ್ದು 1977ರಲ್ಲಿ. ಕತೆ ಶುರುವಾಗಿ 41 ವರ್ಷಕ್ಕೆ!

ಇನ್ನು ಬಾಗೇವಾಡಿ. ನಾನು ಹೈಸ್ಕೂಲಿನಲ್ಲಿದ್ದೆ, ತೊಂಬತ್ತರ ದಶಕದ ಕೊನೆ. ಆಲಮಟ್ಟಿ ಆಗ ಬಾಗೇವಾಡಿ ತಾಲೂಕಿನಲ್ಲೇ ಇತ್ತು. ಆಣೆಕಟ್ಟಿನ ಅಡಿಗಲ್ಲು ಬಿದ್ದದ್ದೂ 1964ರಲ್ಲೇ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕೈಯಿಂದ. ನಾವು ಬರುವ ಹೊತ್ತಿಗೆ ಹಿನ್ನೀರು ಏರುತ್ತಿತ್ತು, ಕೃಷ್ಣೆಯ ದಂಡೆಯ ಊರುಗಳು ಖಾಲಿಯಾಗುತ್ತಿದ್ದವು. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಪುನರ್ವಸತಿ ಕೇಂದ್ರದವನು. ಮನೆ ಬಿಡುವಾಗ ಅವರ ಅವ್ವ ತಲಬಾಗಿಲ ಹೊಸ್ತಿಲು ಕಿತ್ತುಕೊಂಡು ಬಂದಿದ್ದಳಂತೆ.

ನಮ್ಮ ಕಾಕಾ ಸೋಲಾಪುರದ ರದ್ದಿ ಅಂಗಡಿಯಿಂದ ತಂದ ಒಂದು ಇಂಗ್ಲಿಷ್ ಸೂಪರ್‌ಮ್ಯಾನ್ ಕಾಮಿಕ್ಸ್ ನನ್ನ ಹತ್ತಿರ ಇತ್ತು. ಅವನಿಗೂ ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೆ, ಚಿತ್ರ ನೋಡೋದು. ಒಂದು ಪುಟದಲ್ಲಿ ಗ್ರಹ ಸಿಡಿಯುತ್ತೆ, ಅಪ್ಪ-ಅವ್ವ ಕೂಸನ್ನ ರಾಕೆಟ್ಟಿನಲ್ಲಿಟ್ಟು ಕಳಿಸ್ತಾರೆ. ಅವನು ಆ ಪುಟ ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ:

"ಲೇ, ಇವರ ಊರೂ ಮುಳುಗಡಿ ಆಗೇತೇನು?"

ಕಾಮಿಕ್ಸ್ ಬಗ್ಗೆ ನಾನು ಕೇಳಿದ ಅತ್ಯಂತ ದೊಡ್ಡ ವಿಮರ್ಶೆ ಇದು. ಆ ಹುಡುಗನಿಗೆ ಸೂಪರ್‌ಮ್ಯಾನ್ ಅಂದ್ರೆ ಹಾರುವವನಲ್ಲ. ವಾಪಸ್ ಹೋಗಲಿಕ್ಕೆ ಊರಿಲ್ಲದವನು. ಎಷ್ಟೋ ವರ್ಷದ ಮೇಲೆ ನಾನು ಓದಿ ತಿಳಿದದ್ದು: 1938ರಲ್ಲಿ ಅವನನ್ನ ಹುಟ್ಟಿಸಿದ ಜೆರಿ ಸೀಗಲ್, ಜೋ ಶುಸ್ಟರ್ ಇಬ್ಬರೂ ವಲಸೆ ಬಂದ ಯಹೂದಿ ಮನೆತನದ ಹುಡುಗರು. ಮೊದಮೊದಲ ಸಂಚಿಕೆಗಳಲ್ಲಿ ಅವನು ಹೆಂಡತಿಗೆ ಹೊಡೆಯುವವನನ್ನ ಹಿಡೀತಾನೆ, ಗಣಿ ಮಾಲೀಕನನ್ನ ಗಣಿಯೊಳಗೇ ಸಿಕ್ಕಿಸಿ ಬುದ್ಧಿ ಕಲಿಸ್ತಾನೆ. ಒಂದರಲ್ಲಂತೂ ಕೊಳೆಗೇರಿಯನ್ನ ತಾನೇ ಕೆಡವಿ ಹಾಕ್ತಾನೆ, ಸರ್ಕಾರ ಅಲ್ಲಿ ಹೊಸ ಮನೆ ಕಟ್ಟಲೇಬೇಕಾಗುವ ಹಾಗೆ. ಪುನರ್ವಸತಿ! ನನ್ನ ಗೆಳೆಯ ಇದ್ಯಾವುದನ್ನೂ ಓದದೆ ಒಂದೇ ಪುಟದಲ್ಲಿ ಹಿಡಿದಿದ್ದ.

ಈಗ ಆ ಹಿರಿಯರ ಮಾತಿಗೆ ಬರ್ತೀನಿ. ಬಸವಣ್ಣ ಬಾಗೇವಾಡಿಯವನು, ನನಗೂ ಹೆಮ್ಮೆ ಇದೆ. ಆದ್ರೆ ಸೂಪರ್ ಹೀರೋ? ಹರಳಯ್ಯ-ಮಧುವರಸರು ಮಕ್ಕಳ ಮದುವೆ ಮಾಡಿದ್ದಕ್ಕೆ ಆನೆಯ ಕಾಲಿಗೆ ಕಟ್ಟಿ ಎಳೆಸಿಕೊಂಡರು ಅಂತ ನಾವೇ ಹೇಳಿಕೊಂಡು ಬಂದಿದ್ದೇವಲ್ಲ, ಆಗ ಆಕಾಶದಿಂದ ಯಾರೂ ಹಾರಿ ಬರಲಿಲ್ಲ. ಬಸವಣ್ಣನ ಕೈಲೂ ಉಳಿಸಲಿಕ್ಕೆ ಆಗಲಿಲ್ಲ. ಆಗದೇ ಹೋದದ್ದನ್ನ ಮರೆಮಾಚಿ ಕುದುರೆ, ಖಡ್ಗ ಕೊಟ್ಟು ಸರ್ಕಲ್ಲಿನಲ್ಲಿ ನಿಲ್ಲಿಸಿದವರು ನಾವು. ಹೀರೋ ಬಂದು ನಮ್ಮ ಕೆಲಸ ಮಾಡಿಕೊಟ್ಟು ಹೋಗ್ತಾನೆ, ನಾವು ನೋಡ್ತಾ ಕೂರ್ತೀವಿ. ಬಸವಣ್ಣ ಹಾಗೆ ಕೂರೋಕೆ ಬಿಡೋ ಮನುಷ್ಯನಾ? ಹುಡುಗರ ಕೈಯಿಂದ ಕಾಮಿಕ್ಸ್ ಕಿತ್ತುಕೊಳ್ಳಲು ಅವನನ್ನ ಬಳಸಬೇಡಿ ಸ್ವಾಮೀ.

ಬೆಂಗಳೂರಿನ ಗೆಳೆಯನಿಗೂ ಒಂದು ಮಾತಿದೆ. ಅವನಿಗೆ ಏಳು ವರ್ಷ ಇದ್ದಾಗ ಅಪ್ಪ ತೀರಿಕೊಂಡರು. ಇದು ನನಗೆ ಮೊದಲಿಂದ ಗೊತ್ತು. ಕಣ್ಣೆದುರೇ ಅಪ್ಪ-ಅಮ್ಮನನ್ನ ಕಳೆದುಕೊಂಡ ಹುಡುಗನೇ ಬ್ಯಾಟ್‌ಮ್ಯಾನ್ ಆಗೋದು ಅನ್ನೋದೂ ಗೊತ್ತು. ಇವೆರಡನ್ನ ಗಂಟು ಹಾಕಿ ನೋಡೋಕೆ ನನಗೆ ಹತ್ತು ವರ್ಷ ಬೇಕಾಯ್ತು. ಅವನು ಅದನ್ನ ಬಾಯಿಬಿಟ್ಟು ಹೇಳೋದಿಲ್ಲ, ಯಾರು ಯಾರನ್ನ ಸೋಲಿಸ್ತಾರೆ ಅಂತ ಲೆಕ್ಕ ಹೇಳ್ತಾನೆ. ಈ ಹಾಳು ಲೆಕ್ಕಕ್ಕೇ ನನ್ನ ಸಿಟ್ಟು. ಎರಡು ತಾಸು ಮಾತಾಡಿದರೂ ಇಬ್ಬರೂ ಏನೂ ಹೇಳಿರೋದಿಲ್ಲ.

ಮುಳುಗಡೆಯ ಗೆಳೆಯ ಸುಮಾರು ವರ್ಷ ಗೋವಾದಲ್ಲಿ ಗೌಂಡಿ ಕೆಲಸ ಮಾಡಿ ಈಗ ವಾಪಸ್ ಬಂದಿದಾನೆ. ಹೋದ ಸಲ ಹೋದಾಗ ಅವನ ಮಗ ಸ್ಪೈಡರ್‌ಮ್ಯಾನ್ ಚಿತ್ರದ ಪಾಟಿಚೀಲ ಹಾಕಿಕೊಂಡು ನಿಂತಿದ್ದ. "ಇವನ್ಯಾಕೋ, ನಿಮ್ಮಪ್ಪನ ಸೂಪರ್‌ಮ್ಯಾನ್ ಬ್ಯಾಡೇನು?" ಅಂದೆ. ಹುಡುಗ ನಾಚಿಕೊಂಡು, "ಇವನೂ ಭಾಡಿಗಿ ಮನ್ಯಾಗ ಇರ್ತಾನ್ರಿ ಕಾಕಾ" ಅಂದ.