ಕಪ್ಪುಬಿಳುಪಿನ ಬಾಳು

ಓದುಗ ಶರಣಬಂಧುಗಳು ಕ್ಷಮಿಸಬೇಕು. ಈ ತಿಂಗಳು ಚಲನಚಿತ್ರವೊಂದರ ಮಾತು.

ಮಂಗಳೂರಿನ ಪಂಪ್‌ವೆಲ್ ಬಳಿ ನೆಲೆಸಿರುವ, ಮೂಲತಃ ಧಾರವಾಡ ಸೀಮೆಯ ಭಕ್ತರ ಮನೆಯಲ್ಲಿ ಎರಡು ದಿನ ತಂಗಿದ್ದೆನು. 2020ರಲ್ಲಿ ತೆರೆದ ಮೇಲ್ಸೇತುವೆಯ ಮೇಲೆ ಇರುಳೆಲ್ಲ ಲಾರಿಗಳ ಸದ್ದು, ನಿದ್ದೆ ಹತ್ತಲಿಲ್ಲ. ಇಂಜಿನಿಯರಿಂಗ್ ಓದುತ್ತಿರುವ ಆ ಮನೆಯ ಮಗನೂ ಎಚ್ಚರವಾಗಿದ್ದನು. "ಹಂಗಾದ್ರ ಇದನ್ನ ನೋಡ್ರಿ ಅಜ್ಜಾರೆ" ಎಂದು ಪವನ್ ಕುಮಾರರು ನಿರ್ದೇಶಿಸಿದ ‘ಲೂಸಿಯಾ’ (2013) ಹಚ್ಚಿದನು. ಸದ್ದಿಗೆ ಅವನ ಅಜ್ಜಿಯೂ ಎದ್ದು ಬಂದು ಕುಳಿತರು.

ನಿಕ್ಕಿ ಎಂಬವನು ಚಿತ್ರಮಂದಿರದ ಕತ್ತಲಲ್ಲಿ ಟಾರ್ಚು ಹಿಡಿದು ಜನರಿಗೆ ಆಸನ ತೋರಿಸುವ ಬಡ ಹುಡುಗ. ನಿದ್ದೆಯಿಲ್ಲದೆ ಬಳಲಿ ಲೂಸಿಯಾ ಎಂಬ ಗುಳಿಗೆಗೆ ಮೊರೆಹೋಗುತ್ತಾನೆ. ಅದು ಬೇಡಿದ ಕನಸನ್ನು ಕೊಡುವ ಗುಳಿಗೆ. ಕನಸಿನಲ್ಲಿ ಅವನೇ ಪ್ರಖ್ಯಾತ ನಟ. ಒಂದು ಬಾಳು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಅಚ್ಯುತ್ ಕುಮಾರರು ಒಂದರಲ್ಲಿ ಚಿತ್ರಮಂದಿರದ ಯಜಮಾನ ಶಂಕ್ರಣ್ಣ, ಮತ್ತೊಂದರಲ್ಲಿ ನಟನ ವ್ಯವಹಾರ ನೋಡುವಾತ. ಇವೆರಡರ ನಡುವೆ ಆಸ್ಪತ್ರೆಯ ಹಾಸಿಗೆ, ತನಿಖೆ. ಕಥೆ ನೇರವಾಗಿ ನಡೆಯುವುದೇ ಇಲ್ಲ.

ಅಜ್ಜಿಯವರು "ಖರೆ ಯಾವುದು, ಕನಸು ಯಾವುದು, ಒಂದೂ ತಿಳೀವಲ್ದು" ಎಂದು ಎದ್ದುಹೋದರು. ನಾನೂ ಮೋಸಹೋದೆನು, ಬಣ್ಣವಿದ್ದುದೇ ಸತ್ಯವೆಂದು ಬಗೆದಿದ್ದೆ. (ಚಿತ್ರ ನೋಡದವರು ಮುಂದಿನ ಎರಡು ಸಾಲನ್ನು ಬಿಡಬಹುದು.) ಎಚ್ಚರದಲ್ಲಿರುವವನು ನಟನೇ, ಟಾರ್ಚಿನ ಹುಡುಗನೇ ಅವನ ಕನಸು. ಸಿರಿ, ಕೀರ್ತಿ ಎಲ್ಲವನ್ನೂ ಪಡೆದವನು ಬಡತನವನ್ನು ಕನಸುತ್ತಾನೆ, ಏಕೆಂದರೆ ಅಲ್ಲಿ ಅವನನ್ನು ಹೆಸರಿಗಾಗಿ ಯಾರೂ ಪ್ರೀತಿಸುವುದಿಲ್ಲ.

ತನಿಖೆಯ ಭಾಗ ನನಗೆ ಅತಿಯೆನಿಸಿತು. ಗಂಟು ಹಾಕುವ ಹುಮ್ಮಸ್ಸು ಅಲ್ಲಿ ಹೆಚ್ಚು. ಆದರೆ ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಸತೀಶರ ಅಭಿನಯ ಎರಡೂ ಬಾಳನ್ನು ನಂಬಿಸುತ್ತದೆ. ಜಾತ್ರೆಯ ದಾಸೋಹಕ್ಕೆ ಮನೆಮನೆಯಿಂದ ಅಕ್ಕಿ ಬರುವಂತೆ, ನೂರಕ್ಕೂ ಹೆಚ್ಚು ಪ್ರೇಕ್ಷಕರು ಮುಂಗಡವಾಗಿ ಹಣ ಹಾಕಿ, ಸುಮಾರು 50 ಲಕ್ಷ ರೂಪಾಯಿ ಕೂಡಿಸಿ ಆದ ಚಿತ್ರವಿದು. 2013ರ ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನೂ ಪಡೆಯಿತು.

ಮುಗಿದಾಗ ಎರಡು ಗಂಟೆ. ಹುಡುಗ ಏಳಲಿಲ್ಲ. "ನನಗೂ ಭಾಳ ದಿನದಿಂದ ನಿದ್ದಿ ಇಲ್ರಿ. ಈ ಓದು ಅಪ್ಪಾರ ಕನಸು, ನನ್ನದಲ್ಲ" ಎಂದನು. ಅವನಿಗೆ ಬುದ್ಧಿ ಹೇಳಬೇಕೆಂದು ಆ ತಂದೆಯೇ ಸಂಜೆ ನನ್ನನ್ನು ಕೋರಿದ್ದರು! "ಅವರಿಗೆ ಏನು ಹೇಳಲಿ?" ಎಂದೆ. "ಸಿನೆಮಾ ನೋಡಿದ್ವಿ ಅಂತ ಹೇಳ್ರಿ, ಸಾಕು."

ಮರುದಿನ ರಾತ್ರಿ ತಂದೆಯನ್ನೇ ಪಕ್ಕದಲ್ಲಿ ಕೂರಿಸಿ ಅದೇ ಚಿತ್ರವನ್ನು ಹಾಕಿಸಿದೆನು. ಅರ್ಧಕ್ಕೆ ಬಂದಾಗ ಅವರು ಮಗನ ಕಡೆ ತಿರುಗಿ, "ಇವನೊಳಗ ಕನಸು ಕಾಣಾವ ಯಾವನೋ?" ಎಂದು ಕೇಳಿದರು. ಅವನು ಚಿತ್ರವನ್ನು ನಿಲ್ಲಿಸಿ ಹೇಳತೊಡಗಿದನು. ನಾನು ಮಲಗಲು ಹೋದೆನು.